ಗ್ಲೂಕೋಸ್ ಬಯೋಸೆನ್ಸರ್ ಕಟ್ಟುವುದು: ಮೊದಲು ಪೆರಾಕ್ಸೈಡ್, ಆಮೇಲೆ ಕಿಣ್ವ

ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಆಮ್ಲಜನಕವನ್ನು ಬಳಸಿಕೊಂಡು ಗ್ಲೂಕೋಸನ್ನು ಗ್ಲೂಕೋನೋಲ್ಯಾಕ್ಟೋನ್ ಆಗಿ ಬದಲಿಸುತ್ತದೆ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಸೂಚಿಸಿದ ಮೂಲ ವಿಧಾನ ಖರ್ಚಾದ ಆಮ್ಲಜನಕವನ್ನು ಅಳೆಯುತ್ತಿತ್ತು. ಇಲ್ಲಿ ಹೇಳುವ ವಿಧಾನ ಅಳೆಯುವುದು ಪೆರಾಕ್ಸೈಡನ್ನು: ಅದು ಪ್ಲಾಟಿನಂ ಎಲೆಕ್ಟ್ರೋಡಿನ ಮೇಲೆ ಉತ್ಕರ್ಷಣಗೊಂಡಾಗ ಹುಟ್ಟುವ ಕರೆಂಟೇ ಸಂಕೇತ. ಸಂಕೇತ ಬರದಿದ್ದಾಗ ಎಲ್ಲರೂ ಮೊದಲು ದೂರುವುದು ಕಿಣ್ವವನ್ನು. ತಪ್ಪು ಎಷ್ಟೋ ಸಲ ಅದರ ಕೆಳಗಿನ ಪ್ಲಾಟಿನಂನದು. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತಲೇ ಮುಂದೆ ಹೋಗಬೇಕು.

ಹಿಂದಿನ ದಿನದ ಕೆಲಸ

ಗ್ಲೂಕೋಸ್ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಿ. ನೀರಿಲ್ಲದ ಗ್ಲೂಕೋಸ್ ಆದರೆ 1.80 ಗ್ರಾಂ, ಮಾನೋಹೈಡ್ರೇಟ್ ಆದರೆ 1.98 ಗ್ರಾಂ ತೂಗಿ, ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಕರಗಿಸಿ ಒಟ್ಟು 10 ಮಿ.ಲೀ. ಮಾಡಿದರೆ 1 ಮೋಲಾರ್ ದ್ರಾವಣ ಸಿಗುತ್ತದೆ. ಬಾಟಲಿಯ ಲೇಬಲ್ ಓದದೆ ತೂಗಿದವರ ಕ್ಯಾಲಿಬ್ರೇಶನ್ ಇಲ್ಲೇ ಶೇ. 9ರಷ್ಟು ತಪ್ಪುತ್ತದೆ.

ರಾತ್ರಿಯಿಡೀ ಕೋಣೆಯ ಉಷ್ಣತೆಯಲ್ಲಿ ಬಿಡುವುದಕ್ಕೆ ಕಾರಣವಿದೆ. ಗ್ಲೂಕೋಸ್ ಹರಳಿನಲ್ಲಿ ಸಾಮಾನ್ಯವಾಗಿ ಇರುವುದು ಅದರ ಆಲ್ಫಾ ರೂಪ. ಕಿಣ್ವಕ್ಕೆ ಬೇಕಾದದ್ದು ಬೀಟಾ. ನೀರಿನಲ್ಲಿ ಇವು ನಿಧಾನವಾಗಿ ಅದಲುಬದಲಾಗಿ, ಕೊನೆಗೆ ಸುಮಾರು ಶೇ. 36 ಆಲ್ಫಾ, ಶೇ. 64 ಬೀಟಾ ಎಂಬಲ್ಲಿ ನಿಲ್ಲುತ್ತವೆ. ಆಗತಾನೇ ಕರಗಿಸಿದ ದ್ರಾವಣ ಬಳಸಿದರೆ ಬೆಳಿಗ್ಗೆ ಸಿಕ್ಕ ಇಳಿಜಾರು (ಗ್ಲೂಕೋಸ್ ಏರಿದಂತೆ ಕರೆಂಟ್ ಏರುವ ದರ) ಮಧ್ಯಾಹ್ನದ ಹೊತ್ತಿಗೆ ಬೇರೆಯಾಗಿರುತ್ತದೆ. ಮರುದಿನದಿಂದ ಫ್ರಿಜ್‌ನಲ್ಲಿಡಿ, ಮಬ್ಬಾದರೆ ಚೆಲ್ಲಿ.

ಪ್ಲಾಟಿನಂ ಸಿದ್ಧಪಡಿಸುವುದು

3 ಮಿ.ಮೀ. ವ್ಯಾಸದ ಪ್ಲಾಟಿನಂ ಎಲೆಕ್ಟ್ರೋಡನ್ನು 1, 0.3, 0.05 ಮೈಕ್ರೋಮೀಟರ್ ಅಲ್ಯುಮಿನಾ ಪುಡಿಗಳಿಂದ ಅದೇ ಕ್ರಮದಲ್ಲಿ ಉಜ್ಜಿ. ಪ್ರತಿ ಪುಡಿಗೂ ಬೇರೆ ಬಟ್ಟೆ. ನಂತರ ಶುದ್ಧ ನೀರಿನಲ್ಲಿ ಎರಡು ನಿಮಿಷ ಸೋನಿಕೇಟರ್‌ನಲ್ಲಿಡಿ. ಅಲ್ಯುಮಿನಾ ಕಣ ಉಳಿದರೆ ಮುಂದೆ ಹಾಕುವ ಕಿಣ್ವದ ಪದರ ಅಲ್ಲೇ ಏಳುತ್ತದೆ. ಬಳಿಕ 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ (ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕಲ್ಲ) ಸಿಲ್ವರ್–ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್‌ಗೆ ಹೋಲಿಸಿ -0.2ರಿಂದ +1.2 ವೋಲ್ಟ್‌ವರೆಗೆ, ಸೆಕೆಂಡಿಗೆ 100 ಮಿಲಿವೋಲ್ಟ್ ವೇಗದಲ್ಲಿ ಸೈಕ್ಲಿಕ್ ವೋಲ್ಟಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸುತ್ತ ಕರೆಂಟ್ ಅಳೆಯುವುದು) ನಡೆಸಿ. ಒಂದರ ಮೇಲೊಂದು ಕೂರುವ ರೇಖೆಗಳು ಬರುವವರೆಗೆ, ಅಂದರೆ 20–30 ಸುತ್ತು.

ಈಗ ಕಿಣ್ವ ಹಾಕುವ ಆತುರ ಬೇಡ. ಶೇ. 30ರ ಪೆರಾಕ್ಸೈಡ್ ಸುಮಾರು 9.8 ಮೋಲಾರ್ ಇರುತ್ತದೆ. 102 ಮೈಕ್ರೋಲೀಟರನ್ನು 10 ಮಿ.ಲೀ.ಗೆ ಏರಿಸಿದರೆ 0.1 ಮೋಲಾರ್. ಇದನ್ನು ಅಂದಂದೇ ಮಾಡಿಕೊಳ್ಳಿ. ಕಲಕುತ್ತಿರುವ 10 ಮಿ.ಲೀ. ಫಾಸ್ಫೇಟ್ ಬಫರ್‌ಗೆ (0.1 ಮೋಲಾರ್, ಪಿಎಚ್ 7) +0.65 ವೋಲ್ಟ್‌ನಲ್ಲಿ ಈ ಪೆರಾಕ್ಸೈಡ್ 10 ಮೈಕ್ರೋಲೀಟರ್ ಸೇರಿಸಿದರೆ ಕರೆಂಟ್ ಥಟ್ಟನೆ ಮೆಟ್ಟಿಲಿನಂತೆ ಏರಬೇಕು. ಮೂರು ಸಲ ಸೇರಿಸಿದಾಗ ಮೂರು ಸಮಾನ ಮೆಟ್ಟಿಲು ಬಾರದಿದ್ದರೆ ಮತ್ತೆ ಉಜ್ಜಿ, ಇಲ್ಲವೇ ರೆಫರೆನ್ಸ್ ಬದಲಿಸಿ. ಬಂದ ಮೆಟ್ಟಿಲಿನ ಎತ್ತರವನ್ನು ಬರೆದಿಡಿ, ಮುಂದೆ ಬೇಕಾಗುತ್ತದೆ.

ಕಿಣ್ವದ ಪದರ

1 ಮಿ.ಲೀ. ಫಾಸ್ಫೇಟ್ ಬಫರ್‌ನಲ್ಲಿ 10 ಮಿ.ಗ್ರಾಂ ಗ್ಲೂಕೋಸ್ ಆಕ್ಸಿಡೇಸ್, 50 ಮಿ.ಗ್ರಾಂ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಕರಗಿಸಿ. ಅಲುಗಾಡಿಸಿ ನೊರೆ ಎಬ್ಬಿಸಬೇಡಿ. ಟ್ರಿಸ್ ಬಫರ್ ಇಲ್ಲಿ ಬೇಡವೇ ಬೇಡ: ಅದರ ಅಮೈನ್ ಗುಂಪು, ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯಲು ಮುಂದೆ ಹಾಕುವ ಗ್ಲುಟರಾಲ್ಡಿಹೈಡನ್ನು ತಾನೇ ನುಂಗಿಬಿಡುತ್ತದೆ. ಕಿಣ್ವ ಕೊಳ್ಳುವಾಗ ಕ್ಯಾಟಲೇಸ್ ಕಡಿಮೆ ಇರುವ ದರ್ಜೆ ನೋಡಿ. ಕ್ಯಾಟಲೇಸ್ ಹುಟ್ಟಿದ ಪೆರಾಕ್ಸೈಡನ್ನು ಅಲ್ಲೇ ಒಡೆದುಹಾಕುತ್ತದೆ.

ಫ್ಯೂಮ್ ಹುಡ್‌ನಲ್ಲಿ, ಕೈಗವಸು ತೊಟ್ಟು, ಈ ಮಿಶ್ರಣದ 90 ಮೈಕ್ರೋಲೀಟರ್‌ಗೆ ಶೇ. 2.5ರ ಗ್ಲುಟರಾಲ್ಡಿಹೈಡ್ 10 ಮೈಕ್ರೋಲೀಟರ್ ಸೇರಿಸಿ. ತಡಮಾಡಿದರೆ ಪಿಪೆಟ್ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ಒಂದೆರಡು ನಿಮಿಷದೊಳಗೆ 3 ಮೈಕ್ರೋಲೀಟರನ್ನು ಪ್ಲಾಟಿನಂ ತಟ್ಟೆಯ ಮಧ್ಯಕ್ಕೆ ಬಿಡಿ. ಮೇಲೆ ಬೀಕರ್ ಕವುಚಿ ಒಂದು ಗಂಟೆ ನಿಧಾನವಾಗಿ ಒಣಗಲಿ, ಆಮೇಲೆ ಬಫರ್‌ನಲ್ಲಿ 10 ನಿಮಿಷ ಕಲಕಿ ತೊಳೆಯಿರಿ. ಗ್ಲುಟರಾಲ್ಡಿಹೈಡ್ ಹೆಚ್ಚಾದರೆ ಪದರ ಬಿರಿಯುತ್ತದೆ, ಕಿಣ್ವವೂ ಸಾಯುತ್ತದೆ. ಕಡಿಮೆಯಾದರೆ ಕಿಣ್ವ ತೊಳೆದು ಹೋಗುತ್ತದೆ. ಬಿಎಸ್‌ಎ ಮಾತ್ರ ಇರುವ ಇನ್ನೊಂದು ಎಲೆಕ್ಟ್ರೋಡನ್ನೂ ಮಾಡಿಕೊಳ್ಳಿ. ಅದು ಗ್ಲೂಕೋಸ್‌ಗೆ ಸ್ಪಂದಿಸಿದರೆ ನೀವು ಅಳೆಯುತ್ತಿರುವುದು ಬೇರೇನನ್ನೋ.

ಅಳತೆ

+0.65 ವೋಲ್ಟ್ ಕೊಟ್ಟು ಹಿನ್ನೆಲೆ ಕರೆಂಟ್ ಇಳಿದು ನಿಲ್ಲುವವರೆಗೆ ಕಾಯಿರಿ. ಇಪ್ಪತ್ತು ನಿಮಿಷವಾದರೂ ಬೇಕು, ಇಲ್ಲಿ ಅವಸರಪಟ್ಟವರೇ ಹೆಚ್ಚು. ನಂತರ 10 ಮಿ.ಲೀ. ಬಫರ್‌ಗೆ ಗ್ಲೂಕೋಸ್ ದ್ರಾವಣ 10 ಮೈಕ್ರೋಲೀಟರ್ ಹಾಕಿದಂತೆ ಪ್ರತಿ ಸಲ 1 ಮಿಲಿಮೋಲಾರ್ ಏರುತ್ತದೆ. ಕಲಕುವ ವೇಗ ಕೊನೆಯವರೆಗೂ ಒಂದೇ ಇರಲಿ.

ಒಂದು ಹಂತದ ನಂತರ ರೇಖೆ ಬಾಗುತ್ತದೆ. ಗಾಳಿಗೆ ತೆರೆದ ನೀರಿನಲ್ಲಿ 25 ಡಿಗ್ರಿಯಲ್ಲಿ ಕರಗಿರುವ ಆಮ್ಲಜನಕ ಸುಮಾರು 0.25 ಮಿಲಿಮೋಲಾರ್ ಮಾತ್ರ. ಗ್ಲೂಕೋಸ್ ಹೆಚ್ಚಾದಂತೆ ಅದು ಸಾಲದಾಗುತ್ತದೆ. ಮೇಲೆ ತೆಳುವಾದ ಪಾಲಿಯುರೆಥೇನ್ ಪೊರೆ ಹಾಕಿದರೆ ಒಳಬರುವ ಗ್ಲೂಕೋಸ್ ತಗ್ಗಿ ಸರಳರೇಖೆ ಉದ್ದವಾಗುತ್ತದೆ, ಬದಲಿಗೆ ಸಂವೇದನೆ ಇಳಿಯುತ್ತದೆ.

ಮೆಟ್ಟಿಲೇ ಬರಲಿಲ್ಲವೇ? ಅದೇ ಅಳತೆಯ ಪಾತ್ರೆಗೆ ಪೆರಾಕ್ಸೈಡ್ ಹಾಕಿ, ಬರೆದಿಟ್ಟ ಎತ್ತರಕ್ಕೆ ಹೋಲಿಸಿ. ಪೆರಾಕ್ಸೈಡ್‌ಗೆ ಚೆನ್ನಾಗಿ ಸ್ಪಂದಿಸಿದರೆ ಕಿಣ್ವ ಸತ್ತಿದೆ ಅಥವಾ ತೊಳೆದುಹೋಗಿದೆ. ಸ್ವಲ್ಪ ಇಳಿದಿದ್ದರೆ ಅದು ಪದರದ ತಡೆ, ಸಹಜ. ತೀರಾ ಇಳಿದಿದ್ದರೆ ಪದರ ದಪ್ಪವಾಗಿದೆ, ಲೋಹದ ಮೇಲ್ಮೈ ಕೊಳೆಯಾಗಿದೆ ಅಥವಾ ಕ್ಯಾಟಲೇಸ್ ಸೇರಿದೆ.

ನಿಜವಾದ ಮಾದರಿಗಳಲ್ಲಿ ಆಸ್ಕಾರ್ಬಿಕ್ ಆಮ್ಲ, ಯೂರಿಕ್ ಆಮ್ಲ, ಪ್ಯಾರಾಸಿಟಮಾಲ್ ಇದೇ ವೋಲ್ಟೇಜಿನಲ್ಲಿ ಉತ್ಕರ್ಷಣಗೊಳ್ಳುತ್ತವೆ. ಕಿಣ್ವಕ್ಕೆ ಮುನ್ನ ಬಳಿದ ನಾಫಿಯಾನ್ (ಋಣ ಆವೇಶದ ಪಾಲಿಮರ್) ಪದರ ಋಣ ಆವೇಶದ ಮೊದಲ ಎರಡನ್ನು ತಳ್ಳುತ್ತದೆ. ಆವೇಶವಿಲ್ಲದ ಪ್ಯಾರಾಸಿಟಮಾಲ್ ನುಸುಳುತ್ತದೆ. ಅದಕ್ಕೆ ಗಾತ್ರದ ಮೇಲೆ ತಡೆಯುವ ಮೆಟಾ-ಫಿನೈಲೀನ್‌ಡೈಅಮೈನ್ ಪಾಲಿಮರ್ ಪದರವೇ ಸರಿ.

ಪತ್ತೆಮಿತಿಯನ್ನು ಖಾಲಿ ಬಫರ್‌ನ ಏರಿಳಿತದ ಪ್ರಮಾಣಿತ ವಿಚಲನೆಯ ಮೂರರಷ್ಟನ್ನು ಇಳಿಜಾರಿನಿಂದ ಭಾಗಿಸಿ ಪಡೆಯಿರಿ. ಸಂವೇದನೆಯನ್ನು ಬರೆಯುವಾಗ ಇಳಿಜಾರನ್ನು ಎಲೆಕ್ಟ್ರೋಡಿನ ವಿಸ್ತೀರ್ಣವಾದ 0.071 ಚದರ ಸೆಂ.ಮೀ.ಯಿಂದ ಭಾಗಿಸುವುದನ್ನು ಮರೆಯಬೇಡಿ. ಬಳಸಿದ ಎಲೆಕ್ಟ್ರೋಡನ್ನು ಬಫರ್‌ನಲ್ಲಿ ಮುಳುಗಿಸಿ 4 ಡಿಗ್ರಿಯಲ್ಲಿಡಿ.