ಆಖೈರು ಶಿಲ್ಕಿನಲ್ಲಿ ಉಳಿದ ಪ್ರಾರ್ಥನೆ

ಕಳೆದ ಡಿಸೆಂಬರ್ 31ರಂದು ವರ್ಷಾಂತ್ಯದ ಆರಾಧನೆಗೆ ಹೊರಡುವ ಮೊದಲು, ನನ್ನ ಎಂಟನೆಯ ಪ್ರಾರ್ಥನಾ ಪುಸ್ತಕದ ಆಖೈರು ಶಿಲ್ಕನ್ನು, ಅಂದರೆ ವರ್ಷದ ಕೊನೆಗೆ ಉಳಿದ ಬಾಕಿಯನ್ನು, ಒಂಬತ್ತನೆಯ ಪುಸ್ತಕಕ್ಕೆ ಆರಂಭದ ಶಿಲ್ಕಾಗಿ ಇಳಿಸಿ ಮುಗಿಸಿದೆ. ಹದಿನಾಲ್ಕು ಬಾಬ್ತುಗಳು ಉಳಿದಿದ್ದವು. ಅವುಗಳಲ್ಲಿ ಮೊದಲನೆಯದು ನನ್ನ ಮದುವೆಗಾಗಿ ಮಾಡುತ್ತಿರುವ ಪ್ರಾರ್ಥನೆ. ಎಂಟೂ ಪುಸ್ತಕಗಳಲ್ಲಿ ಅದು ಮೊದಲ ಸಾಲಿನಲ್ಲೇ ಇದೆ. ನನಗೀಗ ನಲವತ್ತೈದು ವರ್ಷ, ಆ ಪ್ರಾರ್ಥನೆಗೆ ಉತ್ತರ ಬಂದಿಲ್ಲ. ಹಾಗಿದ್ದರೂ, ಬೇಡಿಕೆಗಳನ್ನು ಲೆಕ್ಕದಂತೆ ಪುಸ್ತಕದಲ್ಲಿ ಬರೆದಿಡುವ ಈ ಕ್ರಮ ಫಲಿಸಿದೆ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ. ಇದನ್ನು ಆರಂಭಿಸಿದಾಗ, ಒಂದು ವರ್ಷವೂ ನಡೆಯದು, ಇದ್ದ ವಿಶ್ವಾಸವೂ ಒಣಗಿಹೋದೀತು ಎಂದವರು ನಮ್ಮ ಚರ್ಚಿನ ಸಭೆಯಲ್ಲೇ ಐದಾರು ಮಂದಿ ಇದ್ದರು. ಅವರಲ್ಲಿ ಇಬ್ಬರು ಈಗ ನನ್ನಿಂದಲೇ ಕೇಳಿ ತಿಳಿದುಕೊಂಡು ಇಂಥದೇ ಪುಸ್ತಕವನ್ನು ಇಟ್ಟಿದ್ದಾರೆ.

ಉಪವಾಸ ಪ್ರಾರ್ಥನೆ, ಸರಪಳಿ ಪ್ರಾರ್ಥನೆ, ವಾಗ್ದಾನದ ಚೀಟಿ, ದೇವರ ಸಮಯವನ್ನು ಕುರಿತ ಪ್ರಸಂಗಗಳು, ಇವೆಲ್ಲ ನನ್ನಂತೆ ಕಾಯುತ್ತಿರುವವರಿಗೆ ತಿಳಿದ ಸಂಗತಿಗಳೇ, ಅವನ್ನು ವಿವರಿಸುವುದಿಲ್ಲ. ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆಯುವವಳು. ದಿನದ ನಗದು ತಾಳೆಯಾಗದೆ ಮನೆಗೆ ಹೋಗಬಾರದೆಂಬ ಅಭ್ಯಾಸ ನನ್ನ ಕೈಗೆ ಅಂಟಿಕೊಂಡಿದೆ. ಆ ಅಭ್ಯಾಸವನ್ನು ಪ್ರಾರ್ಥನೆಗೆ ತರಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು.

ಮೊದಲು ಆ ಹದಿನಾಲ್ಕು ವರ್ಷಗಳ ನಷ್ಟವನ್ನು ಹೇಳಬೇಕು. ನಾನು ಮದುವೆಗಾಗಿ ಪ್ರಾರ್ಥಿಸಲು ತೊಡಗಿದ್ದು 2004ರಲ್ಲಿ. ಒಂದು ವರ್ಷಾಂತ್ಯದ ರಾತ್ರಿ ಹೊಸ ವರ್ಷಕ್ಕೆಂದು ಒಂದೊಂದು ಬೈಬಲ್ ವಚನ ಬರೆದು ಹಂಚುವ ವಾಗ್ದಾನದ ಚೀಟಿಗಳಲ್ಲಿ ನನ್ನ ಕೈಗೆ ಬಂದದ್ದರಲ್ಲಿ 37ನೆಯ ಕೀರ್ತನೆಯ ನಾಲ್ಕನೆಯ ವಚನವಿತ್ತು. ದೇವರಲ್ಲಿ ಆನಂದಿಸುವವನ ಹೃದಯದ ಇಷ್ಟಾರ್ಥವನ್ನು ಆತನೇ ನೆರವೇರಿಸುತ್ತಾನೆ ಎಂಬ ಮಾತು. ಅದನ್ನು ಉತ್ತರವೆಂದೇ ತಿಳಿದು, ಆ ಜನವರಿಯಲ್ಲೇ ಸುಮಾರು ಒಂಬತ್ತು ಸಾವಿರ ಕೊಟ್ಟು ಮದುವೆಗೆಂದು ಬಿಳಿಯ ರೇಷ್ಮೆ ಸೀರೆಯನ್ನು ಕೊಂಡೆ. ಆಗ ನನ್ನ ತಿಂಗಳ ಸಂಬಳ ಅದಕ್ಕಿಂತ ಕಡಿಮೆ. ಆ ಸೀರೆಯ ಮಡಿಕೆಯ ಗೆರೆ ಹಳದಿಯಾಗುವವರೆಗೂ ಅದು ಕಪಾಟಿನಲ್ಲೇ ಇತ್ತು. ಆಮೇಲೆ ವಧೂವರರ ಕೇಂದ್ರಗಳು ಬಂದವು. ಮೂರು ಕಡೆಗಳಲ್ಲಿ ನೋಂದಣಿ, ನವೀಕರಣ, ಫೋಟೋ ಎಂದು ಸುಮಾರು ಹದಿನೆಂಟು ಸಾವಿರ ಹೋಯಿತು. ಬೆಂಗಳೂರಿಗೆ ಮೂರು ಸಲ, ಮುಂಬಯಿಗೆ ಒಂದು ಸಲ ಅಮ್ಮನೊಂದಿಗೆ ಹೋಗಿ ಬಂದ ಖರ್ಚು ಬೇರೆ. ಅತಿ ದೊಡ್ಡ ತಪ್ಪು 2014ರಲ್ಲಿ ನಡೆಯಿತು. ಹೊರಗಿನಿಂದ ಬಂದ ಒಬ್ಬ ಪ್ರಸಂಗಿಯು, ಬಿತ್ತಿದ ಬೀಜದಂತೆ ಫಲ ತರುವುದೆಂದು ಕೊಡುವ ಬಿತ್ತನೆಯ ಕಾಣಿಕೆ ಇಟ್ಟರೆ ಏಳು ತಿಂಗಳಲ್ಲಿ ಬಾಗಿಲು ತೆರೆಯುವುದೆಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದನು. ನಾನು ಇಪ್ಪತ್ತೈದು ಸಾವಿರ ಕೊಟ್ಟೆ. ಎಂಟನೆಯ ತಿಂಗಳಲ್ಲಿ ಫೋನು ಮಾಡಿದಾಗ ನನ್ನ ವಿಶ್ವಾಸದಲ್ಲೇ ಕೊರತೆಯಿದೆ ಎಂಬ ಮಾತು ಬಂತು. ಹಣಕ್ಕಿಂತ ಆ ಮಾತು ನನ್ನಲ್ಲಿ ಹೆಚ್ಚು ಕಾಲ ಉಳಿಯಿತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದ್ದೆ. ದಾನಿಯೇಲನ ಹತ್ತನೆಯ ಅಧ್ಯಾಯದಂತೆ ಇಪ್ಪತ್ತೊಂದು ದಿನ ಮಾಂಸ ಮೀನುಗಳನ್ನು ಬಿಟ್ಟು ಪ್ರಾರ್ಥಿಸಿದೆ. ಬಂಗುಡೆಯ ವಾಸನೆಯಿಲ್ಲದ ಇಪ್ಪತ್ತೊಂದು ದಿನಗಳು ಕರಾವಳಿಯ ಮನೆಯಲ್ಲಿ ಎಷ್ಟು ದೀರ್ಘವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಇಪ್ಪತ್ತೆರಡನೆಯ ದಿನ ಏನೂ ಆಗಲಿಲ್ಲ. ಬೆಳಗಿನ ಮೂರು ಗಂಟೆಗೆ ಏಳುವ ಕ್ರಮವನ್ನು ನಾಲ್ಕು ತಿಂಗಳು ನಡೆಸಿ, ಸಂಘದ ಲೆಕ್ಕದಲ್ಲಿ ತಪ್ಪುಗಳು ಕಾಣಿಸಿಕೊಳ್ಳಲು ತೊಡಗಿದ ಮೇಲೆ ನಿಲ್ಲಿಸಿದೆ. 2016ರಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದುದನ್ನು ಮಾಡಿದೆ: ಒಂದು ವರ್ಷ ಮದುವೆಯ ಮಾತನ್ನೇ ದೇವರ ಬಳಿ ಎತ್ತಬಾರದೆಂದು ತೀರ್ಮಾನಿಸಿದೆ. ಆಸೆಯನ್ನು ಬಲಿಪೀಠದ ಮೇಲೆ ಇಟ್ಟುಬಿಡು ಎಂದು ಹಿರಿಯರು ಹೇಳುವುದು ಇದನ್ನೇ ಎಂದು ನಾನು ತಿಳಿದಿದ್ದೆ. ನನ್ನ ಮಟ್ಟಿಗೆ ಆ ವರ್ಷವೇ ಎಲ್ಲಕ್ಕಿಂತ ಕೆಟ್ಟದು. ಮದುವೆಯ ವಿಷಯ ಬಿಟ್ಟೊಡನೆ ಉಳಿದ ವಿಷಯಗಳನ್ನೂ ಹೇಳಲು ಬಾಯಿ ಬಾರದಂತಾಯಿತು. ಮುಖ್ಯವಾದುದನ್ನು ಮುಚ್ಚಿಟ್ಟುಕೊಂಡು ಒಬ್ಬರ ಎದುರು ಕುಳಿತು ಹವೆಯ ಬಗ್ಗೆ ಮಾತಾಡಿದ ಹಾಗೆ ಇತ್ತು. ಭಾನುವಾರ ಆರಾಧನೆಯ ಮಧ್ಯೆ ಮದುವೆಯ ಪ್ರಕಟಣೆಗಳನ್ನು ಓದುವಾಗ ಹಾಡಿನ ಪುಸ್ತಕದ ಪುಟ ತಿರುವುತ್ತಾ ಕುಳಿತಿರುತ್ತಿದ್ದೆ.

ಪುಸ್ತಕವನ್ನು ಆರಂಭಿಸಿದ್ದು 2018ರ ಜನವರಿಯಲ್ಲಿ. ಉದ್ದನೆಯ, ಗಟ್ಟಿ ರಟ್ಟಿನ, ಗೆರೆ ಹಾಕಿದ ಸಾಮಾನ್ಯ ಲೆಕ್ಕದ ಪುಸ್ತಕ. ಆಗ ಅದಕ್ಕೆ ಎಪ್ಪತ್ತೋ ಎಂಬತ್ತೋ ರೂಪಾಯಿ. ಅದರಲ್ಲಿ ನಾಲ್ಕು ಅಂಕಣಗಳು: ತಾರೀಕು, ಬೇಡಿಕೆ, ಆ ವಿಷಯದಲ್ಲಿ ನಾನು ಮಾಡಿದ್ದು, ಕೊನೆಯದಾಗಿ ಫಲ. ಬೇಡಿಕೆ ಒಂದೇ ವಾಕ್ಯದಲ್ಲಿರಬೇಕು, ಅದು ನೆರವೇರಿತೋ ಇಲ್ಲವೋ ಎಂಬುದನ್ನು ನನ್ನ ತಂಗಿಯೂ ಓದಿ ಹೇಳುವಂತಿರಬೇಕು. 'ಎಲ್ಲವೂ ಒಳ್ಳೆಯದಾಗಲಿ' ಎಂಬಂಥ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ಫಲದ ಅಂಕಣದಲ್ಲಿ ಮೂರೇ ಪದಗಳನ್ನು ಬರೆಯುತ್ತೇನೆ: ಕೊಟ್ಟನು, ಇಲ್ಲ, ಬಾಕಿ. ಕನಸು, ಚೀಟಿ, ಯಾರೋ ಹೇಳಿದ ದರ್ಶನ ಇವು ಯಾವುವೂ ಆ ಅಂಕಣಕ್ಕೆ ಬರುವಂತಿಲ್ಲ. ಕೈಗೆ ಬಾರದ ಹಣವನ್ನು ಜಮೆಗೆ ಹಾಕಬಾರದಷ್ಟೆ. ಬಿಳಿಯ ರೇಷ್ಮೆ ಸೀರೆ ನನಗೆ ಕಲಿಸಿದ್ದು ಇದನ್ನು.

ಮದುವೆಯ ಬೇಡಿಕೆಯನ್ನು ಶನಿವಾರ ಸಂಜೆ ಒಂದು ಸಲ ಮಾತ್ರ ದೇವರ ಮುಂದೆ ಓದುತ್ತೇನೆ. ಬೇರೆ ದಿನಗಳಲ್ಲಿ ಆ ಯೋಚನೆ ಬಂದರೆ, ಅದು ಪುಸ್ತಕದಲ್ಲಿದೆ ಎಂದು ಹೇಳಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತೇನೆ. ಆ ವಾಕ್ಯದ ಮಾತುಗಳನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಅವನ್ನು ಸರಿಪಡಿಸಲು ಎರಡು ವರ್ಷ ಹಿಡಿದಿದೆ. ಒಬ್ಬ ಗೆಳತಿ ಅವನ್ನೇ ನಕಲು ಮಾಡಿಕೊಂಡು, ತನ್ನ ಬಾಯಲ್ಲಿ ಅವು ನಿಲ್ಲಲಿಲ್ಲ ಎಂದು ಹೇಳಿದಳು. ಅವರವರದನ್ನು ಅವರವರೇ ಕಂಡುಕೊಳ್ಳಬೇಕು.

ವಿರೋಧ ಬಂದದ್ದು ಮುಖ್ಯವಾಗಿ ಎರಡು ಕಡೆಯಿಂದ. ಸ್ತ್ರೀ ಸಂಘದ ಒಬ್ಬ ಹಿರಿಯರು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯವನ್ನು ತೆರೆದು, ಪ್ರೀತಿಯು ಅಪಕಾರದ ಲೆಕ್ಕವನ್ನು ಇಡುವುದಿಲ್ಲ, ನೀನು ದೇವರ ಮೇಲೆಯೇ ಲೆಕ್ಕ ಬರೆಯುತ್ತಿದ್ದೀ ಎಂದರು. ನಾನು ಬರೆಯುತ್ತಿರುವುದು ಅಪಕಾರವನ್ನಲ್ಲ, ಬೇಡಿಕೆಯನ್ನು, ಎಂದು ಉತ್ತರ ಕೊಟ್ಟೆ. ತನಗೆ ತೋರಿದ್ದನ್ನು ಹಲಗೆಯ ಮೇಲೆ ಸ್ಪಷ್ಟವಾಗಿ ಬರೆದು ಕಾಯುವಂತೆ ಪ್ರವಾದಿ ಹಬಕ್ಕೂಕನಿಗೆ ಅಪ್ಪಣೆಯಾದುದನ್ನೂ ನೆನಪಿಸಿದೆ. ಇನ್ನೊಬ್ಬರು ಸಭಾಪಾಲಕರು. ಲೂಕನ 18ನೆಯ ಅಧ್ಯಾಯದ ವಿಧವೆ ನ್ಯಾಯಾಧಿಪತಿಯನ್ನು ಎಡೆಬಿಡದೆ ಕಾಡಿದಳಲ್ಲ, ವಾರಕ್ಕೊಂದು ಸಲ ಕೇಳುವುದು ಯಾವ ನ್ಯಾಯ ಎಂದು ಅವರು ಕೇಳಿದರು. ಅದು ತೂಕದ ಪ್ರಶ್ನೆ. ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು ಎಂದು ಕರೆದ ಬಾಧೆ ತೊಲಗಲೆಂದು ಮೂರೇ ಸಲ ಬೇಡಿಕೊಂಡನು, ಗೆತ್ಸೇಮನೆ ತೋಟದಲ್ಲಿ ಕರ್ತನಾದ ಯೇಸುವೂ ಮೂರು ಸಲವೇ ಪ್ರಾರ್ಥಿಸಿದನು ಎಂದಷ್ಟೇ ನಾನು ಹೇಳಬಲ್ಲವಳಾದೆ. ವಾರಕ್ಕೊಂದರಂತೆ ಎಂಟು ವರ್ಷಗಳಲ್ಲಿ ನಾನ್ನೂರು ಸಲ ಕೇಳಿದ್ದೇನೆ. ಆ ವಿಧವೆಯ ಮುಂದೆ ಇದು ಕಡಿಮೆಯೆಂದು ನನಗೆ ಅನ್ನಿಸುವುದಿಲ್ಲ.

ಮೂರನೆಯ ಅಂಕಣವೇ ನನ್ನ ಬದುಕನ್ನು ಹೆಚ್ಚಾಗಿ ತಿದ್ದಿದ್ದು. ನಮ್ಮದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಕಾಲದಿಂದ ಬಂದ ಮನೆತನ, ಮನೆಯೂ ಹಳೆಯ ಹಂಚಿನ ಮನೆ. 2008ರಿಂದಲೇ ಮಾಡು ಸೋರುತ್ತಿತ್ತು. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಜೂನ್ ಬಂತೆಂದರೆ ನನ್ನ ಕೋಣೆಯಲ್ಲಿ ನಾಲ್ಕು ಬಾಲ್ದಿ, ಅಮ್ಮನ ಮಂಚದ ಬದಿಯಲ್ಲಿ ಒಂದು ಹಂಡೆ ಇಡುತ್ತಿದ್ದೆವು. ಹಣ ಇರಲಿಲ್ಲವೆಂದಲ್ಲ. ಚಿನ್ನದ ಚೀಟಿ, ನಿರಖು ಠೇವಣಿ ಎಲ್ಲ ಸೇರಿ ಸುಮಾರು ಆರೂವರೆ ಲಕ್ಷ ಇತ್ತು. ಅದು ಮದುವೆಯ ಹಣ, ಮುಟ್ಟಬಾರದು ಎಂದು ನಾನೂ ಅಮ್ಮನೂ ಹತ್ತು ವರ್ಷ ಒದ್ದೆ ಗೋಡೆಗಳ ನಡುವೆ ಮಲಗಿದೆವು. 2019ರ ಫೆಬ್ರವರಿಯ ಒಂದು ಶನಿವಾರ ಪ್ರವಾದಿ ಯೆರೆಮೀಯನ 32ನೆಯ ಅಧ್ಯಾಯವನ್ನು ಓದಿದೆ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿರುವಾಗ, ತಾನೇ ಕಾವಲಿನಲ್ಲಿರುವಾಗ, ಅವನು ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಅನಾತೋತಿನ ಹೊಲವನ್ನು ಕೊಂಡುಕೊಳ್ಳುತ್ತಾನೆ, ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಇದೇ ಯೆರೆಮೀಯನಿಗೆ ನೀನು ಮದುವೆಯಾಗಬಾರದು ಎಂಬ ಆಜ್ಞೆ 16ನೆಯ ಅಧ್ಯಾಯದಲ್ಲಿ ಬಂದಿರುವುದನ್ನು ನಾನು ಅದುವರೆಗೆ ಇದರೊಂದಿಗೆ ಸೇರಿಸಿ ಓದಿರಲಿಲ್ಲ. ಮಡದಿಯಿಲ್ಲದ, ಮಕ್ಕಳಿಲ್ಲದ ಮನುಷ್ಯನು ಸೋಲಲಿರುವ ನಾಡಿನಲ್ಲಿ ಹೊಲ ಕೊಳ್ಳುತ್ತಾನೆ. ನಾನು ಮದುವೆಯಾಗಲಿಲ್ಲವೆಂದು ಮಾಡಿನ ಹಂಚನ್ನು ಬದಲಾಯಿಸದೆ ಕುಳಿತಿದ್ದೇನೆ. ಸೋಮವಾರ ಠೇವಣಿಯನ್ನು ಅವಧಿಗೆ ಮೊದಲೇ ಮುರಿದೆ. ಬಡ್ಡಿಯಲ್ಲಿ ಐದಾರು ಸಾವಿರ ಹೋಯಿತು.

ಇದು ಆಸೆ ಬಿಟ್ಟ ಗುರುತು, ಇನ್ನು ಗಂಡಿನ ಕಡೆಯವರು ಬಂದರೆ ಏನು ತೋರಿಸುತ್ತೀ ಎಂದು ದೊಡ್ಡಮ್ಮ ಅತ್ತರು. ಹಂಚುಗಳನ್ನು ಇಳಿಸುವಾಗ ನಾನು ಕೆಳಗೆ ನಿಂತು ಒಂದೊಂದನ್ನೂ ಕೈಗೆ ತೆಗೆದುಕೊಂಡು ಪಾಚಿ ಉಜ್ಜಿದೆ. ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮಿಷನಿನ ಹೆಸರಿನ ಅಚ್ಚು ಹಲವು ಹಂಚುಗಳ ಹಿಂಬದಿಯಲ್ಲಿ ಇನ್ನೂ ಓದುವಂತಿತ್ತು. ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ನಾದ ಬರುತ್ತಿದ್ದ ಅವನ್ನು ಉಳಿಸಿಕೊಂಡೆವು. ಹಾಳಾಗಿದ್ದದ್ದು ಹಂಚಲ್ಲ, ಅವನ್ನು ಹೊರುವ ಮರದ ಪಕ್ಕಾಸು ರೀಪುಗಳು. ಒಟ್ಟು ನಾಲ್ಕು ಲಕ್ಷದ ಹತ್ತಿರ ಖರ್ಚಾಯಿತು. ಆ ವರ್ಷದ ಮೊದಲ ದೊಡ್ಡ ಮಳೆಯ ರಾತ್ರಿ ಅಮ್ಮ ಅಭ್ಯಾಸಬಲದಿಂದ ಎದ್ದು ಕತ್ತಲಲ್ಲಿ ಹಂಡೆಯನ್ನು ಹುಡುಕಿ, ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿ, ಮತ್ತೆ ಮಲಗಿದರು. ಮೂರನೆಯ ಅಂಕಣದಲ್ಲಿ 'ಮಾಡು ಕಟ್ಟಿಸಿದೆ' ಎಂದು ಬರೆದೆ.

ಅಮ್ಮ ಎರಡು ವರ್ಷ ಆ ಒಣ ಕೋಣೆಯಲ್ಲಿ ಮಲಗಿದರು. 2021ರಲ್ಲಿ ಅವರು ಕಾಯಿಲೆ ಬಿದ್ದಾಗ, ಬದುಕಿಸು ಎಂದು ಪುಸ್ತಕದಲ್ಲಿ ಬರೆದೆ. ಹನ್ನೊಂದು ದಿನಗಳ ಮೇಲೆ ಅವರು ತೀರಿಕೊಂಡರು. ಆ ಸಾಲಿನ ಮುಂದೆ ಯಾವ ಪದ ಬರೆಯಬೇಕೆಂದು ನನಗೆ ತಿಳಿದಿತ್ತು, ಆದರೆ ಸುಮಾರು ನಲವತ್ತು ದಿನ ಬರೆಯಲಿಲ್ಲ. ಪರಲೋಕದಲ್ಲಿ ಸ್ವಸ್ಥರಾದರು, ಅದೂ ಉತ್ತರವೇ ಎಂದು ಸಮಾಧಾನ ಹೇಳಲು ಬಂದವರು ಹಲವರು. ಅವರ ಪ್ರೀತಿಗೆ ನಾನು ಋಣಿ. ಆದರೆ ನಾನು ಕೇಳಿದ್ದು ಅದನ್ನಲ್ಲ. ಕೊನೆಗೆ ಒಂದು ರಾತ್ರಿ, ಕತ್ತಲೆಯ ಮಾತಿನಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ, 'ಇಲ್ಲ' ಎಂದು ಬರೆದೆ. ಆ ಎರಡಕ್ಷರ ಬರೆದ ಮೇಲೆಯೇ ನನಗೆ ದೇವರ ಎದುರು ಅಳಲು ಬಂದದ್ದು. ಅದಕ್ಕೆ ಮೊದಲು ಜನರ ಎದುರು ಮಾತ್ರ ಅತ್ತಿದ್ದೆ. 'ಇಲ್ಲ' ಎಂದು ಬರೆಯಬಲ್ಲೆನೆಂದು ಗೊತ್ತಾದ ಮೇಲೆ, ಮದುವೆಯ ಸಾಲಿನ ಮುಂದಿರುವ 'ಬಾಕಿ' ಎಂಬ ಪದಕ್ಕೂ ನಿಜವಾದ ಅರ್ಥ ಬಂತು.

ಅಸೂಯೆಯ ವಿಷಯಕ್ಕೆ ಒಂದು ಬೇರೆ ಪ್ರಯೋಗ ನಡೆಯುತ್ತಿದೆ. ಶಂಕರಪುರದಿಂದ ತಂದ ಹನ್ನೆರಡು ಮಲ್ಲಿಗೆ ಗಿಡಗಳನ್ನು ಅಂಗಳದಲ್ಲಿ ಬೆಳೆಸಿದ್ದೇನೆ. ಸಭೆಯಲ್ಲಿ ಮದುವೆಯ ಪ್ರಕಟಣೆ ಓದಿದ ವಧುವಿಗೆ ನನ್ನ ಗಿಡದ ಹೂವನ್ನು ನಾನೇ ಕಟ್ಟಿ ಕೊಡುತ್ತೇನೆ. ಒಂದು ಚೆಂಡಿಗೆ ಎಂಟುನೂರು ಮೊಗ್ಗು. ಬಾಳೆಯ ನಾರನ್ನು ನೆನೆಸಿ, ಸೀಳಿ, ಮೊಗ್ಗು ಬಿರಿಯುವ ಮೊದಲು ಕಟ್ಟಿ ಮುಗಿಸಬೇಕು. ಮದುವೆಯ ಕಾಲದಲ್ಲಿ ನಾಲ್ಕು ಚೆಂಡುಗಳ ಒಂದು ಅಟ್ಟೆಯ ಬೆಲೆ ಸಾವಿರ ದಾಟುವುದುಂಟು, ಆದುದರಿಂದ ಇದು ಸಣ್ಣ ಉಡುಗೊರೆಯಲ್ಲ. ಕಟ್ಟುವಷ್ಟು ಹೊತ್ತು ಆ ಹುಡುಗಿಯ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಮೊದಲ ನಾಲ್ಕೈದು ಚೆಂಡುಗಳನ್ನು ಹಲ್ಲು ಕಚ್ಚಿಕೊಂಡು ಕಟ್ಟಿದ್ದೆ. ಈಗ ಮೂವತ್ತರ ಹತ್ತಿರ ಆಗಿದೆ, ಈಗಿನ ಸಂತೋಷ ನಿಜವಾದದ್ದು. ಮದುವೆಯ ಊಟ ಮುಗಿಸಿ ಒಂಟಿಯಾಗಿ ಮನೆಗೆ ಮರಳಿದ ಮೊದಲ ಗಂಟೆಯನ್ನು ಕಳೆಯಲು ಇನ್ನೊಂದು ಉಪಾಯವಿದೆ. ಅದನ್ನು ಎದುರು ಕುಳಿತವರಿಗೆ ಮಾತ್ರ ಹೇಳುತ್ತೇನೆ.

ನೆನಪಿನಿಂದ ಹೇಳುವುದಾದರೆ ಎಂಟು ಪುಸ್ತಕಗಳಲ್ಲಿ ನೂರೈವತ್ತರಷ್ಟು ಬೇಡಿಕೆಗಳಿವೆ. ಎಪ್ಪತ್ತರಷ್ಟಕ್ಕೆ 'ಕೊಟ್ಟನು', ಅರವತ್ತಕ್ಕೆ ಹತ್ತಿರ 'ಇಲ್ಲ'. ಬಾಕಿ ಉಳಿದುದನ್ನು ಪ್ರತಿ ಡಿಸೆಂಬರಿನಲ್ಲಿ ಹೊಸ ಪುಸ್ತಕಕ್ಕೆ ಕೈಯಿಂದಲೇ ನಕಲು ಮಾಡಬೇಕೆಂಬುದು ನಿಯಮ. ಬರೆಯಲು ಕೈ ಏಳದಿದ್ದರೆ, ಆ ಬೇಡಿಕೆ ನನ್ನೊಳಗೆ ತೀರಿದೆ ಎಂದು ತಿಳಿದು ಬಿಟ್ಟುಬಿಡುತ್ತೇನೆ. ಒಬ್ಬ ನಿರ್ದಿಷ್ಟ ವ್ಯಕ್ತಿಗಾಗಿ ಆರು ವರ್ಷ ಬೇಡಿದ್ದ ಬೇಡಿಕೆ 2022ರಲ್ಲಿ ಹೀಗೆಯೇ ಬಿಟ್ಟುಹೋಯಿತು, ನೋವಿಲ್ಲದೆ.

ಈ ಸಲ ಮೊದಲ ಸಾಲನ್ನು ಬರೆಯುವಾಗ ಕೈ ತಡೆಯಲಿಲ್ಲ. ಆರಾಧನೆಯಲ್ಲಿ ಎಂದಿನಂತೆ ವಾಗ್ದಾನದ ಚೀಟಿಯನ್ನು ತೆಗೆದುಕೊಂಡೆ, ವಚನ ಚೆನ್ನಾಗಿತ್ತು. ಮನೆಗೆ ಬಂದು ಅದನ್ನು ಪುಸ್ತಕದ ಹಿಂದಿನ ರಟ್ಟಿನೊಳಗೆ ಸಿಕ್ಕಿಸಿಟ್ಟು, ಮೊದಲ ಸಾಲಿನ ಮುಂದೆ 'ಬಾಕಿ' ಎಂದು ಬರೆದು ದೀಪ ಆರಿಸಿದೆ.