ಬೆರಳು ಬಿಳಿಚಿಕೊಂಡಾಗ ನಾನು ಮಾಡಿದ್ದು

ನನಗೆ ರೇನಾಡ್ಸ್ ಇದೆ. ಚಳಿ ತಾಗಿದರೆ ಬೆರಳಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬೆರಳು ಮೊದಲು ಬಿಳಿಯಾಗುತ್ತದೆ, ಆಮೇಲೆ ನೀಲಿ, ರಕ್ತ ಮರಳಿ ಬಂದಾಗ ಕೆಂಪು. ಈ ಕೊನೆಯ ಹಂತದಲ್ಲೇ ನನಗೆ ಉರಿ, ನೋವು ಜಾಸ್ತಿ. 1862ರಲ್ಲಿ ಮಾರಿಸ್ ರೇನೋ ಎಂಬ ಫ್ರೆಂಚ್ ವೈದ್ಯರು ಇದನ್ನು ವಿವರಿಸಿದರು. ಅವರ ಹೆಸರೇ ಕಾಯಿಲೆಗೂ ಬಂತು.

‘ಹಿಮ ಬೀಳೋ ಊರಿನ ಕಾಯಿಲೆ ನಿನಗೆಲ್ಲಿಂದ ಬಂತು?’ ಅಂತ ಮನೆಯಲ್ಲೇ ಕೇಳಿದ್ದರು. ಬೆಂಗಳೂರಿನ ಎಸಿ ಆಫೀಸು, ಫ್ರಿಜ್‌ನಿಂದ ತೆಗೆದ ದೋಸೆ ಹಿಟ್ಟಿನ ಡಬ್ಬಿ, ಇಷ್ಟೇ ಸಾಕು ನನಗೆ.

ಡಾಕ್ಟರಿಗೆ ತೋರಿಸುವುದೇ ದೊಡ್ಡ ಕಷ್ಟ. ಕ್ಲಿನಿಕ್ ತಲುಪುವಷ್ಟರಲ್ಲಿ ಕೈ ಸರಿಯಾಗಿರುತ್ತದೆ. ಅದಕ್ಕೇ ಫೋಟೊ ತೆಗೆಯಲು ಶುರು ಮಾಡಿದೆ. ನಮ್ಮಂಥ ಕಂದು ಮೈಬಣ್ಣದಲ್ಲಿ ಬಿಳಿಚಿಕೊಂಡದ್ದು ಬೆರಳ ಹಿಂಭಾಗದಲ್ಲಿ ಸುಲಭವಾಗಿ ಕಾಣುವುದಿಲ್ಲ. ಅಂಗೈ ಕಡೆಯಿಂದ, ಉಗುರು ಕಾಣುವ ಹಾಗೆ, ಕಿಟಕಿ ಬೆಳಕಿನಲ್ಲಿ ತೆಗೆಯಬೇಕು. ಪಕ್ಕದಲ್ಲಿ ಸರಿಯಿರುವ ಬೆರಳೂ ಇರಲಿ. ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಅಂತ ಡೈರಿಯಲ್ಲಿ ಒಂದು ಸಾಲು ಬರೆದಿಟ್ಟೆ.

ರುಮಟಾಲಜಿಸ್ಟ್ (ಕೀಲು, ಸಂಧಿವಾತದಂಥ ಕಾಯಿಲೆಗಳ ತಜ್ಞರು) ಆ ಫೋಟೊಗಳನ್ನು ಒಂದೊಂದಾಗಿ ನೋಡಿದರು. ಚರ್ಮ ಬಿಗಿಯಾಗಿದೆಯಾ, ಕೀಲು ನೋವಾ, ಬಾಯಿ ಹುಣ್ಣಾ, ಎದೆ ಉರಿಯಾ ಅಂತ ಕೇಳಿದರು. ಉಗುರಿನ ಬುಡಕ್ಕೆ ಎಣ್ಣೆಯ ಹನಿ ಬಿಟ್ಟು, ಲೆನ್ಸ್‌ನಲ್ಲಿ ಅಲ್ಲಿನ ಸಣ್ಣ ರಕ್ತನಾಳಗಳನ್ನು ನೋಡಿದರು. ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿದೆಯಾ ಎಂಬ ಸುಳಿವು ಕೊಡುವ ಎಎನ್‌ಎ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಚರ್ಮ ಗಟ್ಟಿಯಾಗುವ ಸ್ಕ್ಲೆರೊಡರ್ಮಾ, ರಕ್ಷಣಾ ವ್ಯವಸ್ಥೆ ದೇಹದ ಅಂಗಗಳ ಮೇಲೆಯೇ ಎರಗುವ ಲೂಪಸ್‌ನಂಥ ಕಾಯಿಲೆಗಳ ಜೊತೆಗೂ ರೇನಾಡ್ಸ್ ಬರುತ್ತದೆ. ಅವಿಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ನನ್ನದು ಬೇರೆ ಕಾಯಿಲೆಯಿಲ್ಲದೆ ತಾನಾಗಿ ಬರುವ ಪ್ರೈಮರಿ ಬಗೆ. ಆದರೆ ಬೆರಳ ತುದಿಯಲ್ಲಿ ಹುಣ್ಣಾಗಿದ್ದರೆ ಫೋಟೊ, ಡೈರಿ ಅಂತ ಕಾಯಬೇಡಿ, ತಕ್ಷಣ ಹೋಗಿ.

ನನಗೆ ಗ್ಲೌಸ್‌ಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಮೈ ಬೆಚ್ಚಗಿಡುವುದು. ಎದೆ, ಹೊಟ್ಟೆ ತಣ್ಣಗಾದರೆ ದೇಹ ಬೆರಳಿನ ರಕ್ತವನ್ನೇ ಮೊದಲು ಕಡಿಮೆ ಮಾಡುತ್ತದೆ. ಹಾಗಾಗಿ ಆಫೀಸಿನಲ್ಲಿ ತೋಳಿಲ್ಲದ ಸ್ವೆಟರ್ ಸದಾ ಇರುತ್ತದೆ. ಬೆರಳು ಬಿಳಿಚಿಕೊಂಡರೆ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ, ಇಲ್ಲವೇ ಉಗುರುಬೆಚ್ಚಗಿನ ನೀರಲ್ಲಿ. ಸುಡುವ ನೀರು ಬೇಡವೇ ಬೇಡ. ಜೋಮು ಹಿಡಿದ ಬೆರಳಿಗೆ ಬಿಸಿ ಎಷ್ಟು ಅಂತ ಗೊತ್ತಾಗುವುದಿಲ್ಲ. ಚಳಿಗಾಲಕ್ಕೆ ಡಾಕ್ಟರ್ ರಕ್ತನಾಳ ಸಡಿಲಿಸುವ ನಿಫೆಡಿಪಿನ್ ಮಾತ್ರೆ ಕೊಟ್ಟಿದ್ದಾರೆ. ಶುರುವಿನಲ್ಲಿ ತಲೆನೋವು, ಪಾದದ ಊತ ಇತ್ತು. ಡೋಸ್ ಬದಲಿಸಿದ ಮೇಲೆ ತಗ್ಗಿತು. ಮೈಗ್ರೇನ್‌ಗೆ ಕೊಡುವ ಪ್ರೊಪ್ರನೊಲಾಲ್ ರೇನಾಡ್ಸ್ ಅನ್ನು ಹೆಚ್ಚಿಸಬಹುದು. ಯಾವ ಡಾಕ್ಟರ್ ಹತ್ತಿರ ಹೋದರೂ ಇದನ್ನು ಮೊದಲೇ ಹೇಳುತ್ತೇನೆ.

ಡೈರಿಯಲ್ಲಿ ಇನ್ನೊಂದು ವಿಷಯ ಕಂಡಿತು. ಚಳಿಯೇ ಇಲ್ಲದ ದಿನವೂ ಮೀಟಿಂಗ್‌ಗೆ ಮುಂಚೆ ಬೆರಳು ಬಿಳಿಚಿಕೊಂಡಿತ್ತು. 2023ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಮತ್ತು ಬರ್ಲಿನ್ನಿನ ಸಂಶೋಧಕರು 5,000ಕ್ಕೂ ಹೆಚ್ಚು ರೇನಾಡ್ಸ್ ರೋಗಿಗಳ ಆನುವಂಶಿಕ ಮಾಹಿತಿ ನೋಡಿ ಎರಡು ಜೀನ್‌ಗಳನ್ನು ಗುರುತಿಸಿದರು. ಅದರಲ್ಲಿ ಒಂದಾದ ಎಡಿಆರ್‌ಎ2ಎ, ಟೆನ್ಶನ್ ಆದಾಗ ಉಕ್ಕುವ ಅಡ್ರಿನಲಿನ್‌ಗೆ ರಕ್ತನಾಳ ಸ್ಪಂದಿಸುವುದಕ್ಕೆ ಸಂಬಂಧಿಸಿದ್ದು. ಓದಿದಾಗ ನಿಜಕ್ಕೂ ಸಮಾಧಾನವಾಯಿತು. ‘ಸುಮ್ನೆ ಗಾಬರಿ ಮಾಡ್ಕೊಳ್ತೀಯ’ ಅಂದವರಿಗೆ ಈಗ ಉತ್ತರವಿದೆ ಅಲ್ವಾ? ಖಿನ್ನತೆಗೆ ಕೊಡುವ ಮಿರ್ಟಜಪೈನ್ ಈ ದಾರಿಯನ್ನು ತಡೆಯಬಹುದು ಅಂತಲೂ ಆ ಸಂಶೋಧಕರು ಸೂಚಿಸಿದ್ದರು. ಅದನ್ನು ನನಗೆ ಕೊಡಬಹುದಾ ಅಂತ ಕೇಳಿಯೂ ಬಿಟ್ಟೆ. ರೇನಾಡ್ಸ್ ರೋಗಿಗಳಲ್ಲೇ ಪರೀಕ್ಷಿಸಿ ಸಾಬೀತಾಗುವ ತನಕ ಅದನ್ನು ಕೊಡುವುದಿಲ್ಲ ಎಂದರು ನನ್ನ ಡಾಕ್ಟರ್.