ಲಿಂಕರ್ ಹೋದ ಜಾಗದಲ್ಲಿ ಯಾರು ಕೂತಿದ್ದಾರೆ?

ನಾನು ಕೆಲಸ ಮಾಡುವುದು ಯುಐಒ-66 ಮೇಲೆ. 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದವರು ಮಾಡಿದ ಮಾಫ್ ಇದು. ಮಾಫ್ ಅಂದರೆ ಮೆಟಲ್-ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಲೋಹ ಮತ್ತು ಸಾವಯವ ಅಣು ಕೂಡಿ ಕಟ್ಟಿದ, ಒಳಗೆಲ್ಲಾ ರಂಧ್ರಗಳಿರುವ ಹರಳು. 2025ರ ರಸಾಯನಶಾಸ್ತ್ರದ ನೊಬೆಲ್ ಮಾಫ್‌ಗಳಿಗೇ ಬಂದ ಮೇಲೆ, ಮನೆಯವರಿಗೆ ನನ್ನ ಕೆಲಸ ವಿವರಿಸುವ ಕಷ್ಟ ಅರ್ಧ ಕಡಿಮೆಯಾಗಿದೆ.

ಆರು ಜಿರ್ಕೋನಿಯಂ ಲೋಹದ ಪರಮಾಣು ಸೇರಿ ಒಂದು ಕ್ಲಸ್ಟರ್, ಅಂದರೆ ಗೊಂಚಲು. ಅದರ ಸುತ್ತ ಹನ್ನೆರಡು ಲಿಂಕರ್. ಲಿಂಕರ್ ಎಂದರೆ ಕ್ಲಸ್ಟರ್‌ಗಳನ್ನು ಜೋಡಿಸುವ ಕೊಂಡಿ, ಇಲ್ಲಿ ಟೆರೆಫ್ತಾಲಿಕ್ ಆಸಿಡ್, ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ಗೆ ಹೋಗುವುದೇ. ಪ್ರತಿ ಲಿಂಕರ್ ಎರಡು ಕ್ಲಸ್ಟರ್‌ಗಳಿಗೆ ಸೇರಿದ್ದು, ಹಾಗಾಗಿ ಲೆಕ್ಕಕ್ಕೆ ಕ್ಲಸ್ಟರ್‌ಗೆ ಆರು. ಹನ್ನೆರಡೂ ಕಡೆ ಭರ್ತಿಯಾಗಿದ್ದರೆ ಜಿರ್ಕೋನಿಯಂಗೆ ಇನ್ನೊಂದು ಅಣುವನ್ನು ಹಿಡಿದುಕೊಳ್ಳಲು ಜಾಗವೇ ಇಲ್ಲ. ಕ್ಯಾಟಲಿಸಿಸ್, ಅಂದರೆ ಪುಡಿ ತಾನು ಖರ್ಚಾಗದೆ ಬೇರೊಂದು ಕ್ರಿಯೆಯನ್ನು ಚುರುಕಾಗಿಸುವುದು, ಆಗಬೇಕಾದರೆ ಅಲ್ಲಲ್ಲಿ ಲಿಂಕರ್ ತಪ್ಪಿರಲೇಬೇಕು. ಅದಕ್ಕೇ ನಾವು ಬೇಕಂತಲೇ ದೋಷ ಮಾಡುತ್ತೇವೆ.

ಮಾಡುವುದು ಕಷ್ಟವೇನಲ್ಲ. ಜಿರ್ಕೋನಿಯಂ ಕ್ಲೋರೈಡ್, ಟೆರೆಫ್ತಾಲಿಕ್ ಆಸಿಡ್, ಡಿಎಂಎಫ್ ಎಂಬ ದ್ರಾವಕ, ಜೊತೆಗೆ ಮಾಡ್ಯುಲೇಟರ್ ಎಂದು ಇನ್ನೊಂದು ಆಸಿಡ್. 120 ಡಿಗ್ರಿ ಓವನ್‌ನಲ್ಲಿ ಒಂದು ದಿನ. ಮಳೆಗಾಲದಲ್ಲಿ ಕ್ಲೋರೈಡ್ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಹೊಗೆ ಏಳುತ್ತದೆ. ಗಾಳಿಯ ತೇವಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಬಿಡುತ್ತದೆ, ಹಾಗಾಗಿ ತೂಕ ಮಾಡುವುದೂ ಹೊಗೆ ಎಳೆದುಕೊಳ್ಳುವ ಹುಡ್ ಒಳಗೇ. ಮಾಡ್ಯುಲೇಟರ್ ಲಿಂಕರ್ ಜೊತೆ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಅದು ಎಷ್ಟು ಬಲವಾದ ಆಸಿಡ್ಡೋ, ಎಷ್ಟು ಜಾಸ್ತಿ ಹಾಕುತ್ತೇವೋ, ಅಷ್ಟು ಲಿಂಕರ್ ತಪ್ಪುತ್ತದೆ. ಅಸಿಟಿಕ್ ಆಸಿಡ್‌ಗಿಂತ ಫಾರ್ಮಿಕ್, ಅದಕ್ಕಿಂತ ಟ್ರೈಫ್ಲೂರೋಅಸಿಟಿಕ್ ಜೋರು.

ತೊಳೆಯುವುದರಲ್ಲಿ ಮಾತ್ರ ಅವಸರ ಬೇಡ. ಮೊದಲು ಬಿಸಿ ಡಿಎಂಎಫ್, ಆಮೇಲೆ ಮೆಥನಾಲ್, ಅದನ್ನೂ ಬದಲಿಸುತ್ತಾ ಹೋಗಬೇಕು. ರಂಧ್ರದಲ್ಲಿ ಸುಮ್ನೆ ಸಿಕ್ಕಿಕೊಂಡ ಆಸಿಡ್ ಉಳಿದರೆ ಮುಂದಿನ ಲೆಕ್ಕ ಎಲ್ಲಾ ತಲೆಕೆಳಗು. ಕಟ್ಟಿಕೊಳ್ಳದ ಲಿಂಕರ್ ಕೂಡ ಕಟ್ಟಿಕೊಂಡ ಹಾಗೆ ಎಣಿಕೆಗೆ ಬಂದುಬಿಡುತ್ತದೆ.

ಎಣಿಕೆಗೆ ನನಗೆ ಟಿಜಿಎ ಇಷ್ಟ. ಪುಡಿಯನ್ನು ಗಾಳಿಯಲ್ಲಿ ಸುಡುತ್ತಾ ತೂಕ ನೋಡುವುದು, ಅಷ್ಟೇ. ಕೊನೆಗೆ ಉಳಿಯುವುದು ಜಿರ್ಕೋನಿಯಂ ಡೈಆಕ್ಸೈಡ್. ಅದನ್ನು 100 ಎಂದು ಇಟ್ಟುಕೊಂಡರೆ, ದೋಷವೇ ಇಲ್ಲದ ಯುಐಒ-66ರಲ್ಲಿ ಲಿಂಕರ್ ಉರಿಯುವ ಮುಂಚಿನ ಸಮತಟ್ಟು 220.2ರಲ್ಲಿ ಇರಬೇಕು. ನಡುವಿನ 120.2 ಆರು ಲಿಂಕರ್‌ಗಳ ಪಾಲು, ತಲಾ 20 ಚಿಲ್ಲರೆ. ಸಮತಟ್ಟು 200ರ ಹತ್ತಿರ ಬಂದರೆ ಆರರಲ್ಲಿ ಒಂದು ಲಿಂಕರ್ ಇಲ್ಲ ಎಂದರ್ಥ.

ಈ ಲೆಕ್ಕ ಸರಾಸರಿ ಹೇಳುತ್ತದೆ, ಎಲ್ಲಿ ತಪ್ಪಿದೆ ಅಂತ ಹೇಳಲ್ಲ. ಒಂದು ಲಿಂಕರ್ ಮಾತ್ರ ಇಲ್ಲದಿರುವುದು ಬೇರೆ, ಇಡೀ ಕ್ಲಸ್ಟರ್ ತನ್ನ ಹನ್ನೆರಡು ಲಿಂಕರ್ ಸಮೇತ ಇಲ್ಲದಿರುವುದು ಬೇರೆ. ಎರಡನೆಯದು ಅಕ್ಕಪಕ್ಕ ಗುಂಪಾಗಿ ಸೇರಿ ಪುಟ್ಟ ಪುಟ್ಟ ಪ್ರದೇಶಗಳನ್ನೇ ಮಾಡುತ್ತದೆ ಎಂದು 2014ರಲ್ಲಿ ಗೊತ್ತಾಯಿತು, ಜಿರ್ಕೋನಿಯಂ ಬದಲು ಹ್ಯಾಫ್ನಿಯಂ ಇರುವ ಯುಐಒ-66ರಲ್ಲಿ. ಎಕ್ಸ್-ಕಿರಣ ಬಿಟ್ಟು ಹರಳಿನ ಜೋಡಣೆ ನೋಡುವ ಎಕ್ಸ್‌ಆರ್‌ಡಿಯಲ್ಲಿ 7.4 ಡಿಗ್ರಿಯ ಮೊದಲ ದೊಡ್ಡ ಪೀಕ್‌ಗೂ ಮುಂಚೆ, ಕಡಿಮೆ ಕೋನದಲ್ಲಿ, ಅಗಲವಾದ ಸಣ್ಣ ಉಬ್ಬು ಕಂಡರೆ ಅದೇ ಗುರುತು. ಹಿನ್ನೆಲೆ ಗದ್ದಲ ಎಂದು ಅದನ್ನು ಕತ್ತರಿಸಿ ಚಿತ್ರ ಹಾಕುವ ರೂಢಿ ಇದೆ. ನನಗೆ ಅದು ಸರಿ ಕಾಣಲ್ಲ.

ಇನ್ನು ಮುಖ್ಯ ವಿಷಯ. ಲಿಂಕರ್ ಹೋದ ಜಾಗ ಖಾಲಿ ಇರಲ್ಲ. ಅಲ್ಲಿ ಮಾಡ್ಯುಲೇಟರ್ ಬಂದು ಕೂತಿರುತ್ತದೆ. ಯಾರು ಕೂತಿದ್ದಾರೆ ಎಂದು ತಿಳಿಯಲು ಪುಡಿಯನ್ನು ಭಾರಜಲದಲ್ಲಿ ಮಾಡಿದ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ವಯಲ್‌ನ ತಳದಲ್ಲಿ ಬಿಳಿ ಪುಡಿ ಹಾಗೇ ಇರುತ್ತದೆ. ಹೊಸಬರು ಕರಗಿಲ್ಲ ಅಂದುಕೊಳ್ಳುತ್ತಾರೆ. ಅದು ಜಿರ್ಕೋನಿಯಂನ ಹೈಡ್ರಾಕ್ಸೈಡ್ ಗಸಿ, ಆಸಿಡ್‌ಗಳೆಲ್ಲಾ ಮೇಲಿನ ತಿಳಿಗೆ ಬಂದಿರುತ್ತವೆ. ಆ ತಿಳಿಯನ್ನು ಎನ್‌ಎಂಆರ್‌ಗೆ (ಅಣುವಿನ ಹೈಡ್ರೋಜನ್‌ಗಳನ್ನು ಗೆರೆಗಳಾಗಿ ತೋರಿಸುವ ಯಂತ್ರ) ಕೊಟ್ಟರೆ ಟೆರೆಫ್ತಾಲೇಟ್ 7.8 ಪಿಪಿಎಂ ಸುತ್ತ ಒಂದೇ ಗೆರೆ, ಅಸಿಟೇಟ್ 1.9ರ ಹತ್ತಿರ. 8.4ರ ಬಳಿ ಇನ್ನೊಂದು ಗೆರೆಯೂ ಕಾಣುತ್ತದೆ, ಅದು ಫಾರ್ಮೇಟ್. ಫಾರ್ಮಿಕ್ ಆಸಿಡ್ ಹಾಕೇ ಇರಲಿಲ್ಲ, ಅಲ್ವಾ? ಡಿಎಂಎಫ್ ಬಿಸಿಗೆ ಒಡೆದು ಕೊಟ್ಟಿದ್ದು ಅದು. ಕರೆಯದ ನೆಂಟರ ಹಾಗೆ ಬಂದು ಜಾಗ ಹಿಡಿದಿರುತ್ತದೆ. ಟ್ರೈಫ್ಲೂರೋಅಸಿಟೇಟ್‌ನಲ್ಲಿ ಹೈಡ್ರೋಜನ್ ಇಲ್ಲ, ಅದಕ್ಕೆ ಫ್ಲೂರಿನ್ ಎನ್‌ಎಂಆರ್ ಬೇಕೇ ಬೇಕು.

ಕೆಲಸ ನೋಡಲು ನಾನು ಆರಿಸಿಕೊಂಡ ಕ್ರಿಯೆ ಸಿಟ್ರೊನೆಲಾಲ್ ಸುತ್ತಿಕೊಂಡು ಐಸೊಪುಲೆಗಾಲ್ ಆಗುವುದು. ಐಸೊಪುಲೆಗಾಲ್‌ಗೆ ಹೈಡ್ರೋಜನ್ ಸೇರಿಸಿದರೆ ಮೆಂಥಾಲ್. ಆ ದಿನಗಳಲ್ಲಿ ಲ್ಯಾಬ್ ತುಂಬಾ ಸೊಳ್ಳೆ ಓಡಿಸುವ ಸಿಟ್ರೊನೆಲ್ಲಾ ಎಣ್ಣೆಯ ವಾಸನೆ. ದೋಷ ಹೆಚ್ಚಿದಂತೆ ಈ ಕ್ರಿಯೆ ಚುರುಕಾಗುತ್ತದೆ ಎಂದು ಟ್ರೈಫ್ಲೂರೋಅಸಿಟಿಕ್ ಆಸಿಡ್ ಬಳಸಿ 2013ರಲ್ಲೇ ತೋರಿಸಿದ್ದಾರೆ. ಅವರು ಮಾಡಿದ ಜಾಣತನ ಎಂದರೆ ಪುಡಿಯನ್ನು ಮೊದಲು 320 ಡಿಗ್ರಿಯಲ್ಲಿ ವ್ಯಾಕ್ಯೂಮ್ ಕೆಳಗೆ ಕಾಯಿಸಿದ್ದು. ಟ್ರೈಫ್ಲೂರೋಅಸಿಟೇಟ್ ಎದ್ದು ಹೋಗುತ್ತದೆ, ಕ್ಲಸ್ಟರ್‌ನ ನೀರೂ ಹೋಗುತ್ತದೆ, ಜಿರ್ಕೋನಿಯಂ ಬರಿದಾಗುತ್ತದೆ.

ನಾನೂ ಅದೇ ದಾರಿ ಹಿಡಿದೆ. ಒಂದೇ ಬ್ಯಾಚನ್ನು ಎರಡು ಪಾಲು ಮಾಡಿದೆ. ಒಂದನ್ನು ಬರೀ ಒಣಗಿಸಿದೆ, ಇನ್ನೊಂದನ್ನು ಚೆನ್ನಾಗಿ ಕಾಯಿಸಿದೆ. ಟೊಲ್ವೀನ್‌ನಲ್ಲಿ 100 ಡಿಗ್ರಿಗೆ ಇಟ್ಟು, ಆಗಾಗ ಹನಿ ತೆಗೆದು, ಎಷ್ಟು ಬದಲಾಗಿದೆ ಎಂದು ಅಳೆಯುವ ಜಿಸಿಗೆ (ಗ್ಯಾಸ್ ಕ್ರೊಮಟೋಗ್ರಫಿ) ಹಾಕಿದೆ. ಲಿಂಕರ್ ಲೆಕ್ಕ ಎರಡರಲ್ಲೂ ಒಂದೇ, ವೇಗ ಮಾತ್ರ ಬೇರೆ ಬೇರೆ. ಕಾಯಿಸಿದ್ದು ಮುಂದೆ ಓಡಿತು. ಅದೇ ಪುಡಿಯನ್ನು ತೆರೆದ ಬಾಟಲಿಯಲ್ಲಿ ಬಿಟ್ಟು ಮತ್ತೆ ನೋಡಿದರೆ ಆ ಓಟ ಇರಲಿಲ್ಲ. ಗಾಳಿಯ ನೀರು ವಾಪಸ್ ಬಂದು ಕೂತಿತ್ತು. ಮೇಲ್ಮೈ ವಿಸ್ತೀರ್ಣ ಜಾಸ್ತಿ ಬಂತು, ಆದ್ದರಿಂದ ದೋಷ ಜಾಸ್ತಿ, ಆದ್ದರಿಂದ ಚಟುವಟಿಕೆ ಜಾಸ್ತಿ ಎನ್ನುವ ವಾದವನ್ನು ನಾನು ಅಲ್ಲಿಂದ ಸುಲಭಕ್ಕೆ ಒಪ್ಪಲ್ಲ.

ಒಂದು ಗೊಂದಲ ಇನ್ನೂ ಉಳಿಯುತ್ತದೆ. ಬೇರೆ ಬೇರೆ ಬ್ಯಾಚ್ ಹೋಲಿಸುವಾಗ, ಲಿಂಕರ್ ತಪ್ಪಿದ ಕಡೆ ಕಿಟಕಿಯೂ, ಅಂದರೆ ರಂಧ್ರದೊಳಗೆ ಹೋಗುವ ಬಾಯಿಯೂ, ದೊಡ್ಡದಾಗಿರುತ್ತದೆ. ಭರ್ತಿ ಯುಐಒ-66ರ ಕಿಟಕಿ ಸುಮಾರು 6 ಆಂಗ್‌ಸ್ಟ್ರಮ್. ಸಿಟ್ರೊನೆಲಾಲ್ ತೂರುವುದೇ ಕಷ್ಟ. ವೇಗ ಬಂದದ್ದು ಬರಿದಾದ ಜಿರ್ಕೋನಿಯಂನಿಂದಲೋ, ದಾರಿ ಅಗಲವಾದದ್ದರಿಂದಲೋ? ಒಂದೇ ಬ್ಯಾಚನ್ನು ಸೀಳಿ ನೋಡುವುದು ಇದಕ್ಕೇ ಒಳ್ಳೆಯದು, ಲಿಂಕರ್ ಹೋದ ಕಡೆಯ ದಾರಿ ಎರಡೂ ಪಾಲಿಗೆ ಒಂದೇ. ಕೂತಿದ್ದ ಆಸಿಡ್ ಎದ್ದಾಗ ಸ್ವಲ್ಪ ಜಾಗ ಬಿಡುವುದು ನಿಜ, ಆದರೆ ಓಟ ನಿಂತದ್ದು ಪುಟಾಣಿ ನೀರಿನ ಅಣುವಿನಿಂದ. ದಾರಿ ಕಟ್ಟಲು ಅದು ಸಾಲದು.

ಮರುಬಳಕೆಗೆ ಮುಂಚೆ ಬಿಸಿ ಇರುವಾಗಲೇ ಸೋಸಿ, ಸೋಸಿದ ದ್ರವವನ್ನು ಅದೇ ತಾಪದಲ್ಲಿ ಮುಂದುವರಿಸಿ. ಅಲ್ಲಿ ಕ್ರಿಯೆ ನಿಂತರೆ ಕೆಲಸ ಪುಡಿಯದೇ. ಆಮೇಲೆ ಪುಡಿಯನ್ನು ಅಸಿಟೋನ್‌ನಲ್ಲಿ ತೊಳೆದು ಮತ್ತೆ ಕಾಯಿಸಿ, ಎಕ್ಸ್‌ಆರ್‌ಡಿಗೆ ಒಂದು ಚಿಟಿಕೆ ತೆಗೆದಿಡಿ.